ತಲೆ ತಿರುಗುತ್ತದೆ ಎಂದು ನಾನು ಬರೆದ ಚೀಟಿ

ಭಾಷಾವಾರು ಪ್ರಾಂತಗಳಾಗಿ ನಮ್ಮ ತಾಲೂಕು ಮುಂಬಯಿ ರಾಜ್ಯದ ಪಾಲಿಗೆ ಬಂದ ಮರುವರ್ಷ, ನನ್ನ ದವಾಖಾನೆಯಲ್ಲಿ ಮೂರು ಲಿಪಿಗಳಿದ್ದವು. ಔಷಧದ ಕಪಾಟಿಗೆ ಅಂಟಿಸಿದ ಹೆಸರುಗಳು ನಿಜಾಮಶಾಹಿಯ ಉರ್ದು. ಪುಸ್ತಕಗಳು ಇಂಗ್ಲಿಷ್. ಹೊಸದಾಗಿ ಬಂದ ರಿಜಿಸ್ಟರು ಮರಾಠಿ. ರೋಗಿಗಳಲ್ಲಿ ಅರ್ಧದಷ್ಟು ಜನ ಆಡುತ್ತಿದ್ದುದು ಕನ್ನಡ; ಅದಕ್ಕೆ ಮಾತ್ರ ಆ ಕೋಣೆಯಲ್ಲಿ ಒಂದು ಕಾಗದವೂ ಇರಲಿಲ್ಲ.

ಊರಿನ ಹೆಸರು ಬೇಡ. ಉಮರ್ಗಾದಿಂದ ನಿಲಂಗಾ ಕಡೆ ಹೋಗುವ ರಸ್ತೆಯ ಮೇಲಿನ ಊರು ಅಂದರೆ ಸಾಕು. ಅಲ್ಲಿ ನಾನೊಬ್ಬ ಡಾಕ್ಟರು, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಒಬ್ಬ ಕಂಪೌಂಡರ್. ಅವರಿಗೆ ನಾನು ಚಾಚಾ ಅನ್ನುತ್ತಿದ್ದೆ. ನನ್ನ ಅಪ್ಪ ಉದಗೀರದ ಮೋಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಜೋಳದ ಚೀಲ ಹೊತ್ತವನು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವನು ನಾನೇ ಮೊದಲು. ಹೀಗಾಗಿ ಸಹಿಯ ಕೆಳಗೆ ಡಿಗ್ರಿಯನ್ನೂ ಬರೆಯದೆ ಒಂದು ಕಾಗದವನ್ನೂ ಕೈಬಿಡುತ್ತಿರಲಿಲ್ಲ. ಕೆಮ್ಮಿನ ಔಷಧದ ಚೀಟಿಗೂ ಡಿಗ್ರಿ ಬೀಳುತ್ತಿತ್ತು.

ಆ ಹೆಣ್ಣುಮಗಳು ಮೊದಲ ಸಲ ಬಂದದ್ದು ದೀಪಾವಳಿ ಮುಗಿದ ವಾರ. ಮೂವತ್ತರ ಆಸುಪಾಸು. ಹತ್ತಿರದ ಹಳ್ಳಿಯ ಒಕ್ಕಲುತನದ ಲಿಂಗವಂತರ ಮನೆಯ ಸೊಸೆ. ಗಂಡ ಕರೆತಂದಿದ್ದ. ಮಾತು ಕಡಿಮೆಯ ಮನುಷ್ಯ, ಬಾಗಿಲಲ್ಲೇ ನಿಂತ.

"ಏನಾಗ್ತದ ಅಕ್ಕಾ?" ಅಂದೆ.

"ತಲಿ ತಿರಗ್ತದ್ರಿ. ಮುಂಜಾನಿ ಮಾರಿ ತೊಳ್ಕೊಳ್ಳಾಗ ಬಚ್ಚಲದಾಗ ಮುಂದಕ್ಕ ಬೀಳ್ತೀನಿ. ಕೈಕಾಲು ಜುಮ್ ಅಂತಾವ. ಖಾರ ತಾಕಿದ್ರ ನಾಲಿಗಿ ಉರೀತದ."

ಕಣ್ಣಿನ ರೆಪ್ಪೆ ಇಳಿಸಿ ನೋಡಿದೆ. ಬಿಳಿಚಿತ್ತು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಬ್ಲಾಟಿಂಗ್ ಕಾಗದದ ಮೇಲೆ ಇಳಿಸಿ, ಬಣ್ಣದ ಪಟ್ಟಿಗೆ ಹಿಡಿದು ನೋಡಿದೆ. ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಹೊರಗೆ ನಲವತ್ತು ಜನ ಕೂತಿದ್ದರು. ರಕ್ತ ಕಡಿಮೆ, ಅದಕ್ಕೇ ತಲೆ ತಿರುಗುತ್ತದೆ, ಅಷ್ಟೇ ಅಂದುಕೊಂಡೆ. ಕಬ್ಬಿಣದ ಗುಳಿಗೆಯ ಜೊತೆ ಫೋಲಿಕ್ ಆಸಿಡ್ ಗುಳಿಗೆಯನ್ನೂ ಕೊಟ್ಟೆ. ನಮ್ಮ ಕಡೆ ಅದು ಆಗ ಹೊಸದು. ಹೊಸ ಔಷಧ ಕೊಡುವುದರಲ್ಲಿ ನನಗೊಂದು ಖುಷಿ ಇತ್ತು.

ಚೀಟಿಯನ್ನು ಮರಾಠಿಯಲ್ಲೇ ಬರೆಯಬೇಕೆಂಬ ಹುಕುಂ ಆಗಷ್ಟೇ ಬಂದಿತ್ತು. ಆಡುವ ಮರಾಠಿ ನನಗೆ ಚೆನ್ನಾಗಿ ಬರುತ್ತಿತ್ತು, ಬಜಾರಿನಲ್ಲಿ ಬೆಳೆದವನು. ಬರೆಯಲು ಕೂತರೆ ಮಾತ್ರ ಬೇರೆ ಮನುಷ್ಯನಾಗುತ್ತಿದ್ದೆ. ಬರೆಯುವ ಮಾತು ಆಡುವ ಮಾತಿಗಿಂತ ಒಂದು ಮೆಟ್ಟಿಲು ಮೇಲಿರಬೇಕು ಅನ್ನುವುದು ನನ್ನ ನಂಬಿಕೆ. ಮರಾಠಿಯವರು ಇಂಥದ್ದಕ್ಕೆ 'ಚಕ್ಕರ್ ಯೇತೆ' ಅನ್ನುತ್ತಾರೆಂದು ಗೊತ್ತಿತ್ತು. ಅದು ಬಜಾರಿನ ಮಾತು ಅನಿಸಿತು. ನನ್ನ ವೈದ್ಯಕೀಯ ಓದು ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಶುರುವಾಗಿ ಇಂಗ್ಲಿಷಿನಲ್ಲಿ ಮುಗಿದದ್ದು. ಉರ್ದು ಪುಸ್ತಕದಲ್ಲಿ ಇದಕ್ಕೆ 'ದೌರಾನೆ ಸರ್' ಅಂತಿತ್ತು, ತಲೆಯ ತಿರುಗಾಟ. ಉರ್ದುವಿನಲ್ಲಿ ತಲೆ ತಿರುಗುತ್ತದೆ, ಕನ್ನಡದಲ್ಲಿ ತಿರುಗುತ್ತದೆ, ಮರಾಠಿಯಲ್ಲಿ ತಿರುಗಲು ಏನು ಅಡ್ಡಿ? 'ಹಿಚೆ ಮಧೂನ ಮಧೂನ ಡೋಕೆ ಫಿರತೆ' ಎಂದು ದುಂಡಗೆ ಬರೆದೆ. ಈಕೆಗೆ ಆಗಾಗ ತಲೆ ತಿರುಗುತ್ತದೆ. ಕೆಳಗೆ ಸಹಿ, ಸಹಿಯ ಕೆಳಗೆ ಡಿಗ್ರಿ.

ಸಂಕ್ರಮಣ ಕಳೆದ ಮೇಲೆ ಅವರು ಮತ್ತೆ ಬಂದರು. ಈ ಸಲ ಗಂಡನ ಜೊತೆ ಅವನ ಅಣ್ಣನೂ ಇದ್ದ. ರುಮಾಲು ಸುತ್ತಿದ, ಮರಾಠಿ ಓದಬಲ್ಲ, ಮನೆಯ ಯಜಮಾನಿಕೆ ನಡೆಸುವ ಆಸಾಮಿ. ಹೆಣ್ಣುಮಗಳನ್ನು ಹೊರಗೆ ಬಂಡಿಯಲ್ಲೇ ಕೂರಿಸಿ ಬಂದಿದ್ದರು.

"ಸಾಹೇಬ್ರ, ನೀವು ಸಣ್ಣ ಚೀಟಿ ಮ್ಯಾಲ ಬರದಿದ್ರಿ. ಅದನ್ನ ಈಗ ದೊಡ್ಡ ಕಾಗದದ ಮ್ಯಾಲ ಬರೀರಿ. ಸಿಕ್ಕಾ ಹೊಡೀರಿ," ಅಂದ ಅಣ್ಣ.

"ಏನ್ ಬರದೀನಿ ನಾ?"

"ನಮ್ಮ ತಮ್ಮನ ಹೇಂತಿಗಿ ಹುಚ್ಚ ಅದ ಅಂತ."

"ಯಾರು, ನಾನಾ?"

ಅವನು ಅಂಗಿಯ ಒಳಜೇಬಿನಿಂದ ಚೀಟಿ ತೆಗೆದ. ನಾಲ್ಕು ಮಡಿಕೆಯಾಗಿ ಮಾಸಿತ್ತು. ಬೆರಳಿಟ್ಟು ಓದಿದ. 'ಹಿಚೆ ಮಧೂನ ಮಧೂನ ಡೋಕೆ ಫಿರತೆ.'

"ಊರಾಗ ನಾಕು ಮಂದಿ ಮುಂದ ಓದಿ ತೋರಸೀನ್ರಿ. ಸರಕಾರಿ ಡಾಕ್ಟರು ಬರದಾರ, ಈಕಿಗಿ ಆಗಾಗ ಹುಚ್ಚ ಕೆದರ್ತದ ಅಂತ. ಕೆಳಗ ಡಿಗ್ರಿ ಸೈತ ಅದ."

ಮರಾಠಿಯಲ್ಲಿ 'ಡೋಕೆ ಫಿರತೆ' ಅಂದರೆ ಬುದ್ಧಿ ಕೆಡುತ್ತದೆ ಎಂದರ್ಥ. ಇದು ನನಗೆ ಗೊತ್ತಿರದ ಮಾತಲ್ಲ. ಮೋಂಢಾದಲ್ಲಿ ಹಮಾಲರು ಬೈದಾಡುವಾಗ ದಿನಕ್ಕೆ ಹತ್ತು ಸಲ ಕೇಳಿದ್ದೆ. ಆಡುವ ಮಾತನ್ನು ಕೀಳೆಂದು ಪಕ್ಕಕ್ಕಿಟ್ಟು ಬರೆಯಲು ಹೋದವನಿಗೆ ಆ ಹೊತ್ತಿನಲ್ಲಿ ಅದು ಕಿವಿಗೆ ಬಿದ್ದಿರಲಿಲ್ಲ. ಪಕ್ಕದ ಮೇಜಿನಲ್ಲಿ ಚಾಚಾ ಮುಲಾಮು ತಿರುವುತ್ತಿದ್ದವರು ಕೈ ನಿಲ್ಲಿಸಿದರು.

"ದೊಡ್ಡ ಕಾಗದ ಯಾಕ ಬೇಕು?" ಅಂದೆ.

"ಉದಗೀರದ ವಕೀಲರು ಹೇಳ್ಯಾರ್ರಿ. ಹೊಸ ಕಾಯ್ದೆದಾಗ ಹುಚ್ಚ ಇದ್ರ ಸೋಡಚಿಠ್ಠಿ ಸಿಗ್ತದ, ಡಾಕ್ಟರ್ ಕಾಗದ ಬೇಕು. ಈಕಿಗಿ ತೌರಮನಿ ತುರೋರಿಗಿ ಕಳಸ್ತೀವಿ. ಹುಡುಗಿ ನಮ್ಮಲ್ಲಿ ಇರ್ತದ. ತಮ್ಮಗ ಇನ್ನೊಂದು ಮಾಡ್ಕೋತೀವಿ."

ಸೋಡಚಿಠ್ಠಿ ಅಂದರೆ ಹೆಂಡತಿಯನ್ನು ಬಿಡುವ ಕಾಗದ. ಗಂಡ ನೆಲ ನೋಡುತ್ತಿದ್ದ. ಹುಡುಗಿಗೆ ಎಂಟು ವರ್ಷ, ಒಬ್ಬಳೇ ಮಗಳು.

ಅಣ್ಣ ಕೆಟ್ಟವನಲ್ಲ. ಹೆದರಿದ್ದ. "ಒಲಿ ಮುಂದ ಎರಡ ಸಲ ಬಿದ್ದಾಳ್ರಿ. ಹುಡುಗಿ ಮಗ್ಗಲದಾಗೇ ಇತ್ತು. ಅದೂ ಹೋಗ್ಲಿ ಅಂದ್ರ, ಸಂಕ್ರಮಣದ ದಿನ ಪೂಜಾಕ ಕುಂತಾಗ ಲಿಂಗ ಕೈಯಾಗಿಂದ ನೆಲಕ್ಕ ಬಿತ್ತು. ಲಿಂಗ, ಸಾಹೇಬ್ರ! ಬೀಳಬಾರದು, ಬಿತ್ತು. ಅದಕ್ಕೂ ಹೆಚ್ಚಿಂದು ಏನಂದ್ರ, ಬಿದ್ದದ್ದು ಆಕಿಗಿ ಗೊತ್ತೇ ಇಲ್ಲ. ಕಣ್ಣು ಮುಚ್ಚಿ ಖಾಲಿ ಕೈ ಹಿಡಕೊಂಡು ಕುಂತೇ ಇದ್ಳು. ಶ್ಯಾಣೆ ಮನಷಾಗ ಹಂಗ ಆಗ್ತದೇನು?"

ನಾನೂ ಲಿಂಗ ಕಟ್ಟಿಕೊಂಡ ಮನೆಯವನು. ಅಂಗೈಯ ಮೇಲಿನ ಲಿಂಗ ಬೀಳುವುದೆಂದರೆ ಆ ಮನೆಯಲ್ಲಿ ಆ ದಿನ ಏನಾಗಿರಬೇಕು ಅನ್ನುವುದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಬಿದ್ದದ್ದು ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದ್ದಳು. ಮುಖ ತೊಳೆಯುವಾಗಲೂ ಕಣ್ಣು ಮುಚ್ಚಿರುತ್ತದೆ.

"ಆಕಿನ್ನ ಒಳಗ ಕರೀರಿ," ಅಂದೆ.

ಅವಳು ಗೋಡೆ ಹಿಡಿದು ಬಂದಳು. ಕಾಲನ್ನು ಅಗಲವಾಗಿಟ್ಟು, ಪ್ರತಿ ಹೆಜ್ಜೆಯನ್ನೂ ಕಣ್ಣಿಂದ ನೋಡಿ ನೆಲಕ್ಕೆ ಬಡಿಯುತ್ತಿದ್ದಳು. ಮುಖದಲ್ಲಿ ಮಾತ್ರ ಬಣ್ಣ ಬಂದಿತ್ತು. ರಕ್ತದ ಹನಿ ಇಳಿಸಿ ನೋಡಿದರೆ ಪಟ್ಟಿಯಲ್ಲಿ ನಾಲ್ಕು ಮನೆ ಮೇಲೇರಿತ್ತು. ರಕ್ತ ಸುಧಾರಿಸಿತ್ತು, ಕಾಲು ಕೆಟ್ಟಿತ್ತು. ಇದು ಹೇಗೆ?

ಪಾದ ಎರಡೂ ಜೋಡಿಸಿ ನಿಲ್ಲಲು ಹೇಳಿದೆ. ನಿಂತಳು. ಸ್ವಲ್ಪ ಅಲುಗಿದಳು, ನಿಂತಳು.

"ಈಗ ಕಣ್ಣು ಮುಚ್ಚು ಅಕ್ಕಾ."

ಮುಚ್ಚಿದ ಎರಡನೇ ಉಸಿರಿಗೆ ಕಡಿದ ಜೋಳದ ದಂಟಿನಂತೆ ಪಕ್ಕಕ್ಕೆ ಬಂದಳು. ಚಾಚಾ ಹಿಂದೆ ನಿಂತಿದ್ದವರು ಹಿಡಿದರು.

"ನೋಡ್ರಿ, ನಾಟಕ!" ಅಂದ ಅಣ್ಣ. "ಈಗ ನೆಟ್ಟಗ ನಿಂತಿದ್ಳಲ್ಲ?"

"ನಾಟಕ ಅಂದ್ರ ನಾಟಕ, ಹುಚ್ಚ ಅಂದ್ರ ಹುಚ್ಚ," ಅಂದಳು ಅವಳು ಉಸಿರು ಕಟ್ಟಿಕೊಂಡು. "ಎರಡರಾಗ ಒಂದು ಖಾಯಂ ಮಾಡ್ರಿ ಭಾವ. ನನಗೂ ತಿಳೀಲಿ."

ಮೇಜಿನ ಮೇಲೆ ಕೂರಿಸಿದೆ. ಓದುವಾಗ ಕೊಂಡ ಟ್ಯೂನಿಂಗ್ ಫೋರ್ಕ್ ನನ್ನ ಹತ್ತಿರ ಇತ್ತು. ಎರಡು ಕವಲಿನ ಉಕ್ಕಿನ ತುಂಡು, ಬಡಿದರೆ ಗುಂಯ್ಗುಡುತ್ತದೆ. ಬಡಿದು ಅದರ ಬುಡವನ್ನು ಎದೆಯ ಮೂಳೆಗೆ ಇಟ್ಟೆ.

"ಅಯ್ಯ, ಜೀರುಂಡಿ ಕುಂತಂಗ ಆಗ್ತದ!" ನಕ್ಕಳು. ಆ ದಿನ ಆ ಕೋಣೆಯಲ್ಲಿ ಮೊದಲ ನಗು.

ಮೊಣಕಾಲಿಗೆ ಇಟ್ಟೆ. "ಇಲ್ಲ." ಕಾಲಿನ ಹರಡಿಗೆ ಇಟ್ಟೆ. "ಇಲ್ರಿ, ತಣ್ಣಗ ಅದ ಅಷ್ಟೇ." ಮುಂಗೈ ಗೆಣ್ಣಿಗೆ ಇಟ್ಟಾಗ, "ದೂರ ಎಲ್ಲೋ ಅಂದಂಗ."

ಅಣ್ಣ ಕತ್ತು ಚಾಚಿ ನೋಡುತ್ತಿದ್ದ. "ನನಗಿಷ್ಟು ಹಚ್ರಿ ಅದನ್ನ," ಅಂದ. ಅವನ ಹರಡಿಗೆ ಇಟ್ಟೆ. ಕಾಲು ಹಿಂದಕ್ಕೆ ಎಳೆದುಕೊಂಡ. "ಎಲುವಿನಾಗ ಹೋಗ್ತದಲ್ರಿ ಇದು!"

"ಈಕಿ ಎಲುವಿನಾಗ ಹೋಗವಲ್ದು," ಅಂದೆ.

ಕಣ್ಣು ಮುಚ್ಚಿಸಿ ಎಡ ಅಂಗೈಯಲ್ಲಿ ದವಾಖಾನೆಯ ಕೀಲಿಕೈ ಇಟ್ಟೆ. ಬೆರಳು ಆಡಿಸಿದಳು, ಒತ್ತಿದಳು.

"ಏನದು?"

"ತಣ್ಣಗ ಅದ."

"ಏನು ಸಾಮಾನು?"

"ತಣ್ಣಗ ಅದ್ರಿ. ಏನಂತ ತಿಳೀವಲ್ದು."

ಕೀಲಿಕೈಯನ್ನು ಸದ್ದಿಲ್ಲದೆ ಎತ್ತಿಕೊಂಡೆ. ಅವಳು ಹಿಡಿದೇ ಇದ್ದಳು. ಬರಿಗೈಯನ್ನು ಮೆಲ್ಲಗೆ ಮುಚ್ಚಿ ಕಾಯುತ್ತಿದ್ದಳು. ಬಾಗಿಲಲ್ಲಿದ್ದ ಗಂಡ ಒಂದು ಹೆಜ್ಜೆ ಒಳಗೆ ಬಂದ. ಸಂಕ್ರಮಣದ ದಿನ ಪೂಜೆಯಲ್ಲಿ ಕಂಡ ಕೈ ಅದೇ ಅಂತ ಅವನಿಗೆ ಗೊತ್ತಾಗಿತ್ತು.

ಕೊನೆಗೆ ಪಾದದ ಅಡಿಯನ್ನು ಹಿಮ್ಮಡಿಯಿಂದ ಮೇಲಕ್ಕೆ ಮೊಂಡು ಕಡ್ಡಿಯಿಂದ ಗೀರಿದೆ. ನಿಮ್ಮದು ನನ್ನದಾದರೆ ಹೆಬ್ಬೆರಳು ಕೆಳಕ್ಕೆ ಮಡಚುತ್ತದೆ. ಅವಳದು ಸಾವಕಾಶ ಮೇಲೆದ್ದಿತು. ಎರಡೂ ಕಾಲಿನದು. ಬೆನ್ನುಹುರಿ ಕೆಟ್ಟರೆ ಹೀಗಾಗುತ್ತದೆ.

"ನಾಟಕ ಅಂದ್ರಲ್ಲ," ಅಣ್ಣನಿಗೆ ಅಂದೆ, "ಹೆಬ್ಬಟ್ಟಿಗಿ ನಾಟಕ ಬರಂಗಿಲ್ರಿ."

ಸರ್ಟಿಫಿಕೇಟು ಕೊಡಲಿಲ್ಲ. ನಾಳೆ ಬನ್ನಿ ಅಂದೆ. ಅವಳು ಮತ್ತು ಗಂಡ ಊರಿನ ಬೀಗರ ಮನೆಯಲ್ಲಿ ಉಳಿದರು.

ಆ ಮಧ್ಯಾಹ್ನ ಊಟ ಬಿಟ್ಟು ಪುಸ್ತಕ ಹಿಡಿದು ಕೂತೆ. ನಮ್ಮ ಕೈಕಾಲು ಎಲ್ಲಿವೆ ಅನ್ನುವುದು ನೋಡದೆಯೂ ನಮಗೆ ತಿಳಿಯುತ್ತದೆ. ಆ ಸುದ್ದಿ ಬೆನ್ನುಹುರಿಯ ಹಿಂಭಾಗದ ದಾರಿಯಲ್ಲಿ ಮೇಲೆ ಹೋಗುತ್ತದೆ. ತಣ್ಣಗೆ, ಬಿಸಿ, ನೋವು ಬೇರೆ ದಾರಿ ಹಿಡಿಯುತ್ತವೆ. ಅವಳಲ್ಲಿ ಮೊದಲ ದಾರಿ ಸವೆದಿತ್ತು, ಎರಡನೆಯದು ಉಳಿದಿತ್ತು. ಕೀಲಿಕೈ ತಣ್ಣಗಿದೆ ಅನ್ನುವುದು ತಿಳಿಯಿತು, ಕೀಲಿಕೈ ಅನ್ನುವುದು ತಿಳಿಯಲಿಲ್ಲ. ಹಗಲು ಕಣ್ಣು ಕಾಲಿನ ಕೆಲಸ ಮಾಡುತ್ತಿತ್ತು. ಕಣ್ಣು ಮುಚ್ಚಿದರೆ ಅವಳ ಪಾಲಿಗೆ ಕಾಲೇ ಇಲ್ಲ. ಹಾಗೆ ನೋಡಿದರೆ ತಿರುಗಿದ್ದು ತಲೆ ಅಲ್ಲವೇ ಅಲ್ಲ. ಕಾಲು ಕಳೆದುಹೋಗುವುದಕ್ಕೆ ಅವಳ ಹತ್ತಿರ ಬೇರೆ ಮಾತಿರಲಿಲ್ಲ, ತಲಿ ಅಂದಳು. ನಾನು ಡೋಕೆ ಅಂದೆ. ಅವರು ಹುಚ್ಚು ಅಂದರು. ರೋಗ ಬೆನ್ನಲ್ಲಿತ್ತು.

ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಬಿ-ಹನ್ನೆರಡು ಎಂಬ ಜೀವಸತ್ವದ ಕೊರತೆಯಿಂದ ಇದು ಬರುತ್ತದೆ. ಇಂಥ ರೋಗಿಗೆ ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ರಕ್ತ ಏರುತ್ತದೆ, ನರಗಳು ಇನ್ನೂ ಕೆಡಬಹುದು. ಆ ಸಾಲಿಗೆ ಕಾಲೇಜಿನ ದಿನಗಳಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಪರೀಕ್ಷೆಗೆ ಬರಬಹುದೆಂದು. ಆ ಮಧ್ಯಾಹ್ನ ಬಹಳ ಹೊತ್ತು ಆ ಗೆರೆ ನೋಡುತ್ತ ಕೂತಿದ್ದೆ.

ಮರುದಿನ ಮೊದಲ ಕೆಲಸ ಕೇಳುವುದು. ಏನು ಊಟ ಅಂದೆ.

"ರೊಟ್ಟಿ, ಬ್ಯಾಳಿ, ಪುಂಡಿಪಲ್ಯಾ, ಶೇಂಗಾ ಹಿಂಡಿ."

"ಹಾಲು, ಮಸರು?"

"ಹೈನು ಬಿಟ್ಟೀನ್ರಿ. ಮೊದಲಿಂದು ಎರಡು ಕೂಸು ಉಳೀಲಿಲ್ಲ. ಈ ಹುಡುಗಿ ಹುಟ್ಟಿದಾಗ ಹರಕಿ ಹೊತ್ತೆ. ಉಳದ್ರ ಜಲ್ಮ ಇರೋತನಕ ಹಾಲು, ಮಸರು, ಮಜ್ಜಿಗಿ, ತುಪ್ಪ ಬಾಯಾಗ ಹಾಕಂಗಿಲ್ಲ ಅಂತ."

ಎಂಟು ವರ್ಷ. ಮಾಂಸ ಮೊದಲೇ ಇಲ್ಲದ ಮನೆ. ಆ ಜೀವಸತ್ವ ಕಾಳಿನಲ್ಲಿಲ್ಲ, ಕಾಯಿಪಲ್ಯದಲ್ಲಿಲ್ಲ. ಹೊಟ್ಟೆಯ ದೋಷದಿಂದ ಬರುವ ಕಾಯಿಲೆ ಎಂದು ನನ್ನ ಪುಸ್ತಕ ಹೇಳುತ್ತಿತ್ತು, ಹರಕೆಯಿಂದ ಬರಬಹುದೆಂದು ಬರೆದಿರಲಿಲ್ಲ. ಅದು ನನ್ನ ಊಹೆ ಮಾತ್ರ. ಈಗಲೂ ಪೂರ್ತಿ ಖಚಿತವಾಗಿ ಹೇಳಲಾರೆ.

ಔಷಧ ಕಪಾಟಿನಲ್ಲೇ ಇತ್ತು. ಲಿವರ್ ಎಕ್ಸ್‌ಟ್ರ್ಯಾಕ್ಟ್, ಪ್ರಾಣಿಯ ಯಕೃತ್ತಿನಿಂದ ತೆಗೆದ ಸಾರ. ಚಾಚಾ ಅದನ್ನು ಕಲಿಜಾದ ಸೂಜಿ ಅನ್ನುತ್ತಿದ್ದರು. ನಾನು ಬಾಟಲಿ ಕೈಗೆತ್ತಿಕೊಂಡು ಹಾಗೇ ನಿಂತದ್ದನ್ನು ಕಂಡು ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದರು:

"ಸಾಬ್, ಜಾಸ್ತಿ ವಿಚಾರ ಮಾಡಬ್ಯಾಡ್ರಿ. ತಾಕತ್ತಿನ ಸೂಜಿ ಅಂತ ಹೇಳ್ರಿ. ಲೇಬಲ್ಲು ಆಕಿಗಿ ಓದಾಕ ಬರ್ತದಾ? ಜೀವ ಉಳೀತದ, ಸವಾಬು, ಪುಣ್ಯಾ ನಿಮಗ."

ಸುಳ್ಳಲ್ಲ, ಮನಸ್ಸು ಅತ್ತ ವಾಲಿತು. ದಿನ ಕಳೆದಷ್ಟೂ ಹಾನಿ. ಹುರಿಯಲ್ಲಿ ಪೂರ್ತಿ ಸವೆದದ್ದು ಮರಳಿ ಬರುವುದಿಲ್ಲ. ಆದರೆ ಅವಳಿಗೆ ಓದಲು ಬಾರದ ಒಂದು ಸಾಲನ್ನು ನಾನು ಒಮ್ಮೆ ಬರೆದಾಗಿತ್ತು. ಅದು ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಅನ್ನುವುದನ್ನೂ ನೋಡಿದ್ದೆ. ಇನ್ನೊಂದು ಸಲ ಅವಳಿಗೆ ತಿಳಿಯದ್ದನ್ನು ಅವಳ ಮೈಯೊಳಗೆ ಹಾಕುವುದು ನನ್ನಿಂದ ಆಗಲಿಲ್ಲ. ಬಾಟಲಿ ತಂದು ಅವಳ ಮುಂದೆ ಇಟ್ಟೆ.

"ಅಕ್ಕಾ, ಎರಡು ಮಾತು ಹೇಳ್ತೀನಿ. ಮೊದಲು ಕೊಟ್ಟ ಗುಳಿಗಿ ನಿನಗ ಕೆಡಕು ಮಾಡ್ಯಾವ. ತಪ್ಪು ನಂದು."

ಅವಳು ನನ್ನನ್ನು ನೋಡಿದಳು. "ನಿಮಗ ಡಿಗ್ರಿ ಅದ ಅಂತ ನಮ್ಮ ಭಾವ ಅಂದಿದ್ರಲ್ರಿ."

"ಅದ. ಅದರ ಮ್ಯಾಲೂ ತಪ್ಪಿದೆ. ಎರಡನೇದು, ಈ ಸೂಜಿ ಗುಣ ಮಾಡ್ತದ. ಆದ್ರ ಇದು ದನಕುರಿ ಕಲಿಜಾದಾಗಿಂದ ಮಾಡಿದ್ದು."

ಅವಳ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಅದು ಅಲ್ಲಿದೆಯೋ ಇಲ್ಲವೋ ಎಂದು ಬಗ್ಗಿ ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಂಡಳು.

"ತಗೊಳ್ಳಲಿಲ್ಲಂದ್ರ?"

"ಕಾಲು ಹೋಗ್ತಾವ. ಆಮ್ಯಾಲ ಕೈ."

"ತಗೊಂಡ್ರ, ಆ ಕೈಲಿ ಮತ್ತ ಲಿಂಗ ಹ್ಯಾಂಗ ಹಿಡೀಲಿ?" ಬಾಟಲಿಯನ್ನು ನನ್ನ ಕಡೆ ಸರಿಸಿ ಕೇಳಿದಳು, "ಬ್ಯಾರೆ ಏನೂ ಇಲ್ಲೇನ್ರಿ? ಖರೇ ಹೇಳ್ರಿ."

ಇತ್ತು. ಅದೇ ಜೀವಸತ್ವವನ್ನು ಬೂಷ್ಟಿನಂಥ ಸೂಕ್ಷ್ಮಜೀವಿಗಳಿಂದ, ಹುದುಗು ಬರಿಸಿ ತೆಗೆಯುತ್ತಾರೆಂದು ಓದಿದ್ದೆ. ನಮ್ಮ ಸರಕಾರಿ ದಾಸ್ತಾನಿನಲ್ಲಿ ಇರಲಿಲ್ಲ. ಸೊಲ್ಲಾಪುರದಲ್ಲಿ ಸಿಗಬಹುದು.

"ಹಂಗಿದ್ರ ತರಸ್ರಿ," ಅಂದಳು, ಉಪ್ಪು ತರಿಸಿ ಅಂದ ಹಾಗೆ.

ಅಣ್ಣನನ್ನು ಕರೆಸಿ ಅವನ ಕೈಯಿಂದ ಹಳೆಯ ಚೀಟಿ ತೆಗೆದುಕೊಂಡೆ. 'ಡೋಕೆ ಫಿರತೆ' ಅನ್ನುವುದರ ಮೇಲೆ ಗೆರೆ ಹೊಡೆದು, ಪಕ್ಕದಲ್ಲಿ, ಇದು ಬರೆದವನ ತಪ್ಪು, ಈಕೆಯ ಬುದ್ಧಿ ಸರಿಯಿದೆ, ಬೆನ್ನಿನ ನರಗಳ ಕಾಯಿಲೆ ಎಂದು ಆಡುವ ಮರಾಠಿಯಲ್ಲೇ ಬರೆದೆ. ಸಹಿ ಹಾಕಿ, ಕೆಳಗೆ ಡಿಗ್ರಿಯನ್ನೂ ಬರೆದೆ. ತಪ್ಪಿನ ಕೆಳಗೂ ಅದು ಇರಲಿ ಅಂತ.

"ಇದನ್ನೂ ಆ ನಾಕು ಮಂದಿ ಮುಂದ ಓದ್ರಿ," ಅಂದೆ.

ಅವನು ಎರಡು ಸಲ ಓದಿದ. "ಉಗಾದಿ ತನಕಾ ನೋಡ್ತೀವಿ. ಅಲ್ಲೀತನಕ ಆಕಿ ತುರೋರ್ಯಾಗ ಇರ್ಲಿ, ಹುಡುಗಿ ನಮ್ಮಲ್ಲಿ. ಗುಣ ಆಗಲಿಲ್ಲಂದ್ರ ನಾ ಲಾತೂರ್ಕಡಿ ಬ್ಯಾರೆ ಡಾಕ್ಟರಗ ಕೇಳ್ತೀನಿ." ಹುಚ್ಚಲ್ಲದ ಕಾಯಿಲೆಗೆ ಹೊಸ ಕಾಯ್ದೆಯಲ್ಲಿ ಸೋಡಚಿಠ್ಠಿ ಇಲ್ಲ ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಎರಡು ತಿಂಗಳು ಸಿಕ್ಕಿತ್ತಲ್ಲ, ಅಷ್ಟು ಸಾಕೆನಿಸಿತು.

ಉಮರ್ಗಾದಲ್ಲಿ ಸೊಲ್ಲಾಪುರದ ಬಸ್ಸಿನ ಕಂಡಕ್ಟರನಿಗೆ ಚೀಟಿ ಕೊಟ್ಟು ಕಳಿಸಿದೆ. ಐದನೇ ದಿನ ಪೊಟ್ಟಣ ಬಂತು. ಬಿಚ್ಚಿದರೆ ಹಳದಿ ನೀರಿನ ಆಂಪೂಲುಗಳು. ಬಿ-ಕಾಂಪ್ಲೆಕ್ಸ್. ಅಂಗಡಿಯವನು ಹೆಸರಿನ ಮೊದಲ ಅಕ್ಷರ ನೋಡಿ ಕೊಟ್ಟಿದ್ದ. ಚಾಚಾ ಬೆಳಕಿಗೆ ಹಿಡಿದು ನೋಡಿ, "ಬರಿಯೋರದೂ ತಪ್ಪು, ಓದೋರದೂ ತಪ್ಪು. ಇನ್ನ ನೀವೇ ಹೋಗ್ರಿ ಸಾಬ್. ಬಾಯಿ ಇದ್ದವರು ಬಾಯಿಲೆ ಕೇಳ್ರಿ," ಅಂದರು. ರಜೆ ಹಾಕಿ ನಾನೇ ಹೋದೆ. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. ದಾಳಿಂಬೆ ರಸದಂಥ ಕೆಂಪು ನೀರಿನ ಸಣ್ಣ ಬಾಟಲಿಗಳು. ಯಾವುದರಿಂದ ಮಾಡಿದ್ದು ಅಂತ ಪೆಟ್ಟಿಗೆಯೊಳಗಿನ ಕಾಗದವನ್ನು ಅಲ್ಲೇ ನಿಂತು ಪೂರ್ತಿ ಓದಿ, ಆಮೇಲೆ ಕೊಂಡೆ.

ಅವಳು ತಾಯಿಯ ಜೊತೆ ದವಾಖಾನೆಯ ಹಿಂದಿನ ಕೋಣೆಗೆ ಬಂದು ಇಳಿದಳು. ಮೊದಲ ಎರಡು ವಾರ ದಿನಾ ಒಂದು ಸೂಜಿ. ಪಿಚಕಾರಿಗೆ ಔಷಧ ಎಳೆದಾಗ ಅದರ ಬಣ್ಣ ನೋಡಿ ತೋಳು ಹಿಂದೆಳೆದುಕೊಂಡಳು.

"ಇದು ರಗತ ಅದ!"

"ರಗತ ಅಲ್ಲ ಅಕ್ಕ. ಅದರೊಳಗ ಕೋಬಾಲ್ಟ್ ಅಂತ ಒಂದು ಲೋಹ ಇರ್ತದ. ಅದರಿಂದ ಕೆಂಪು."

"ಆಣಿ?"

"ಆಣಿ." ನಾನು ಆಣೆ ಮಾಡಿ ಕೊಟ್ಟ ಸೂಜಿ ಜನ್ಮದಲ್ಲಿ ಅದೊಂದೇ.

ಒಂದು ವಾರಕ್ಕೆ ನಾಲಿಗೆಯ ಉರಿ ಹೋಯಿತು. ಹಸಿವೆ ಬಂತು. ಎರಡನೇ ವಾರ ನಾನು ದಿನಾ ಟ್ಯೂನಿಂಗ್ ಫೋರ್ಕ್ ಬಡಿದು ಮೊಣಕಾಲಿಗೆ ಇಡುತ್ತಿದ್ದೆ, ದಿನಾ "ಇಲ್ಲ" ಅನ್ನುತ್ತಿದ್ದಳು. ಮೂರನೇ ವಾರ ಕಾಲಿನಲ್ಲಿ ಜುಮ್ಮು ಹೆಚ್ಚಾಯಿತು. ಇರುವೆ ಹರಿದ ಹಾಗೆ ಅಂದಳು. ಆ ವಾರ ನನಗೆ ಊಟ ಸೇರಲಿಲ್ಲ. ಸತ್ತ ನರ ಎದ್ದಿದೆಯೋ, ಇದ್ದದ್ದೂ ಸಾಯುತ್ತಿದೆಯೋ? ಪುಸ್ತಕ ಎರಡಕ್ಕೂ ಜುಮ್ಮೆನ್ನುತ್ತದೆ ಅನ್ನುತ್ತಿತ್ತು. ಮಗಳನ್ನು ಬಿಟ್ಟಿರುವುದಕ್ಕೆ ಅವಳು ಒಂದು ದಿನವೂ ಅಳಲಿಲ್ಲ. ಉಗಾದಿಗೆ ಎಷ್ಟು ದಿನ ಉಳಿಯಿತೆಂದು ಮಾತ್ರ ಚಾಚಾನನ್ನು ದಿನಾ ಕೇಳುತ್ತಿದ್ದಳು. ಅವರು ಪಂಚಾಂಗ ಗೊತ್ತಿಲ್ಲದಿದ್ದರೂ ದಿನಾ ಲೆಕ್ಕ ಹಾಕಿ ಹೇಳುತ್ತಿದ್ದರು.

ನಾಲ್ಕನೇ ವಾರ ಅವಳು ತುರೋರಿಯಿಂದ ಬಂದು ಹೋಗತೊಡಗಿದ್ದಳು, ವಾರಕ್ಕೆ ಎರಡು ಸೂಜಿ. ಒಂದು ದಿನ ಹೊಸ ಪರೀಕ್ಷೆಗೆಂದು ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಒಂದು ಹುಣಸೆ ಬೀಜ ಇಟ್ಟೆ. ಬಹಳ ಹೊತ್ತು ಹೊರಳಿಸಿದಳು. ಹುಬ್ಬು ಗಂಟಿಕ್ಕಿದಳು.

"ಹುಣಚಿ ಪಿಕ್ಕಿ ಏನ್ರಿ ಇದು?"

ಚಾಚಾ "ಮಾಶಾ ಅಲ್ಲಾ" ಅಂದು ಹೊರಗೆ ಹೋಗಿಬಿಟ್ಟರು. ನಾನು ರಿಜಿಸ್ಟರಿನಲ್ಲಿ ಏನೋ ಬರೆಯುವವನ ಹಾಗೆ ತಲೆ ಬಗ್ಗಿಸಿದೆ. ಅವಳು ಕಣ್ಣು ತೆರೆದು ಬೀಜ ನೋಡಿದಳು, ಮತ್ತೆ ಮುಚ್ಚಿ ಹೊರಳಿಸಿದಳು, ಮತ್ತೆ ತೆರೆದಳು. ಕೂಸು ಹೊಸದಾಗಿ ಕೈ ಕಂಡುಕೊಂಡ ಹಾಗೆ. ಆಗ ಮಾತ್ರ ಅತ್ತಳು, ಸ್ವಲ್ಪ.

ಕಾಲು ತಡವಾಗಿ ಬಂತು, ಪೂರ್ತಿ ಬರಲಿಲ್ಲ. ಎಡಗಾಲಿನ ಬೆರಳುಗಳು ಕೊನೆಯವರೆಗೂ ಅರ್ಧ ನಿದ್ದೆಯಲ್ಲೇ ಉಳಿದವು. ಹಾಲು ಮಜ್ಜಿಗೆ ಶುರು ಮಾಡು ಅಂದರೆ ಒಪ್ಪಲಿಲ್ಲ. "ಹುಡುಗಿ ಉಳದದ ಅಲ್ರಿ, ಹರಕಿ ನಡೀತದ. ತಿಂಗಳಿಗೊಂದು ಸೂಜಿ ತಗೋತೀನಿ, ಮಜ್ಜಿಗಿ ಬ್ಯಾಡ." ನಾನು ಮತ್ತೆ ಹೇಳಲಿಲ್ಲ. ಸೂಜಿಯ ಲೆಕ್ಕದಲ್ಲಿ ಅವಳ ಮಾತು ಸರಿಯಾಗಿತ್ತು.

ಉಗಾದಿಗೆ ಮೂರು ದಿನ ಮುಂಚೆ, ಸಂತೆಯ ದಿನ ಬೆಳಿಗ್ಗೆ, ಅವಳು ಸೂಜಿಗೆ ಬಂದಿದ್ದಾಗ, ಅಣ್ಣ ತಮ್ಮ ಇಬ್ಬರೂ ಬಂದರು. ಬಂಡಿಯಲ್ಲಿ ಹುಡುಗಿಯನ್ನೂ ಕೂರಿಸಿಕೊಂಡು ಬಂದಿದ್ದರು. ಅಣ್ಣ ಒಳಗೆ ಬಂದವನೇ, "ಈಗ ನಿಂದರಸ್ರಿ," ಅಂದ.

ಅವಳು ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿದಳು. ಅಲುಗಿದಳು. ಚಾಚಾ ಕೈ ಚಾಚಿದರು. ಅವಳು ತನ್ನಷ್ಟಕ್ಕೆ ಸರಿಯಾದಳು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅರ್ಧ ನಿಮಿಷ ದಾಟಿತು.

"ಎಷ್ಟೊತ್ತು ನಿಂದರ್ಲಿ ಭಾವ?" ಅಂದಳು ಕಣ್ಣು ಮುಚ್ಚಿಕೊಂಡೇ.

ಅಣ್ಣ ರುಮಾಲು ಸರಿ ಮಾಡಿಕೊಂಡ. "ಸಾಕು," ಅಂದ. ಆಮೇಲೆ ಅವಳಿಗೆ, "ಮನಿಗಿ ನಡಿ. ಹಬ್ಬ ಅದ," ಅಂದ. ನನಗೆ ನಮಸ್ಕಾರ ಹೇಳಿ ಸಂತೆಯ ಕಡೆ ಹೋದ.

ಗಂಡ ಬಂಡಿಯನ್ನು ಬಾಗಿಲ ಹತ್ತಿರ ತಂದು, ಅವಳು ಕೂರಲೆಂದು ಹುಲ್ಲಿನ ಮೇಲೆ ಕೌದಿ ಹಾಸಿದ. ಇಷ್ಟು ತಿಂಗಳಲ್ಲಿ ಅವನು ನನ್ನ ಮುಂದೆ ಆಡಿದ ಮೊದಲ ಮಾತು ಅವಳಿಗೆ ಆಡಿದ್ದು. "ಹತ್ತು."

"ನಾ ಹತ್ತಂಗಿಲ್ಲ."

"ಎರಡು ಹರದಾರಿ ಅದ."

"ಇರ್ಲಿ. ಇಲ್ಲಿಗಿ ತರಾಗ ಹುಚ್ಚಿ ಅಂತ ಬಂಡ್ಯಾಗ ಹಾಕ್ಕೊಂಡು ತಂದ್ರಿ. ದಾರಿಗುಂಟ ಎಲ್ಲಾರೂ ನೋಡ್ಯಾರ. ಈಗೂ ನೋಡ್ಲಿ."

ಹುಡುಗಿ ಬಂಡಿಯಿಂದ ಕೈ ಚಾಚಿ, "ಅವ್ವಾ, ಮ್ಯಾಲ ಬಾ," ಅಂದಿತು.

"ನೀನೇ ಇಳಿ," ಅಂದಳು.

ಹುಡುಗಿ ಧುಮುಕಿತು. ಗಂಡ ಕೆಳಗೆ ನಿಂತು ಎತ್ತುಗಳ ಕಡೆ ನೋಡಿದ, ಅವಳ ಕಡೆ ನೋಡಿದ, ಹಗ್ಗ ಹಿಡಿದು ಮೆಲ್ಲಗೆ ನಡೆದ. ಅವಳು ಮುಂದೆ, ಕಾಲನ್ನು ಇನ್ನೂ ತುಸು ಅಗಲ ಇಟ್ಟು. ಪಕ್ಕದಲ್ಲಿ ಹುಡುಗಿ. ಹಿಂದೆ ಬಂಡಿ. ನಿಲಂಗಾ ರಸ್ತೆ ಅಲ್ಲಿ ಒಂದು ಮೈಲಿನವರೆಗೆ ನೆಟ್ಟಗಿದೆ. ಸಂತೆಗೆ ಬರುವವರು ದಾರಿ ಬಿಟ್ಟು ನಿಂತು ನೋಡುತ್ತಿದ್ದರು. ಪೂರ್ತಿ ದೂರ ನಡೆದಳೋ ಇಲ್ಲವೋ ನನಗೆ ಗೊತ್ತಿಲ್ಲ, ಮುಂದಿನ ತಿಂಗಳು ಸೂಜಿಗೆ ಬಂದಾಗ ಕೇಳಲೂ ಇಲ್ಲ. ನನ್ನ ಕಣ್ಣಿಗೆ ಕಾಣುವವರೆಗೆ ಬಂಡಿ ಖಾಲಿಯೇ ಇತ್ತು.